ಎಡ, ಬಲ ಮತ್ತು ಹೆಸರಿಡುವವನ ಹೊಣೆ

ಎಡಗೈ ಯಾವುದು, ಬಲಗೈ ಯಾವುದು ಎಂಬುದನ್ನು ಕೈ ತೋರಿಸದೆ ಬರಿಯ ಮಾತಿನಿಂದ ವಿವರಿಸಲು ಸಾಧ್ಯವೇ? ಮೇಲ್ನೋಟಕ್ಕೆ ಇದು ಮಕ್ಕಳ ಒಗಟಿನಂತೆ ಕಾಣುತ್ತದೆ. 'ಊಟ ಮಾಡುವ ಕೈ ಬಲಗೈ' ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಎಡಗೈಯಿಂದ ತುತ್ತೆತ್ತುವ ಮಗುವಿನ ಮುಂದೆ ಈ ವಿವರಣೆ ನಿಲ್ಲುವುದಿಲ್ಲ. 'ಹೃದಯ ಇರುವ ಕಡೆ ಎಡ' ಎನ್ನೋಣವೆಂದರೆ, ಬಲಗಡೆ ಹೃದಯವಿರುವವರೂ ಅಪರೂಪಕ್ಕೆ ಹುಟ್ಟುತ್ತಾರೆ. 'ಪೂರ್ವಕ್ಕೆ ಮುಖಮಾಡಿ ನಿಂತಾಗ ದಕ್ಷಿಣಕ್ಕಿರುವುದು ಬಲ' ಎಂದರೆ, ದಕ್ಷಿಣ ಯಾವ ಕಡೆ ಎಂಬುದನ್ನು ಮತ್ತೆ ಕೈ ತೋರಿಸಿಯೇ ಹೇಳಬೇಕಾಗುತ್ತದೆ. ಹೀಗೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ.

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1768ರಲ್ಲಿ ಬರೆದ ಒಂದು ಚಿಕ್ಕ ಪ್ರಬಂಧದಲ್ಲಿ ಈ ವಿಷಯವನ್ನು ಗಂಭೀರವಾಗಿಯೇ ಎತ್ತಿಕೊಂಡ. ಎರಡೂ ಕೈಗಳಲ್ಲಿ ಬೆರಳುಗಳ ಸಂಖ್ಯೆ ಒಂದೇ, ಬೆರಳಿಂದ ಬೆರಳಿಗಿರುವ ದೂರ ಒಂದೇ, ಅಳತೆಯೂ ಒಂದೇ. ಒಂದು ಕೈಯ ಬಗ್ಗೆ ಬರೆದ ವರ್ಣನೆ ಇನ್ನೊಂದಕ್ಕೂ ಅಕ್ಷರಶಃ ಸಲ್ಲುತ್ತದೆ. ಹಾಗಿದ್ದೂ ಬಲಗೈಯ ಗವುಸು ಎಡಗೈಗೆ ಹಿಡಿಯುವುದಿಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿದೆ? ವಸ್ತುವಿನ ಒಳಗೋ, ಅದು ನೆಲೆಸಿರುವ ಅವಕಾಶದಲ್ಲೋ, ಅಥವಾ ನೋಡುವವನು ನಿಂತ ಜಾಗದಲ್ಲೋ?

ತತ್ತ್ವಜ್ಞಾನಿಗಳಿಗೇನು, ಬಿಡುವಿದೆ, ಯೋಚಿಸುತ್ತಾರೆ. ಸಂಸಾರವಂದಿಗರಾದ ನಮಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಆದರೆ ಈ ಸಮಸ್ಯೆ ನಮ್ಮ ಅಡಿಗೆಮನೆಯಲ್ಲೇ ಕುಳಿತಿದೆ. ಪುದೀನ ಸೊಪ್ಪಿನ ವಾಸನೆಯೂ ಸಬ್ಬಸಿಗೆ ಬೀಜದ ವಾಸನೆಯೂ ಒಂದೇ ಎಂದು ಯಾವ ಗೃಹಿಣಿಯೂ ಹೇಳಲಾರಳು. ಆದರೆ ಎರಡರಲ್ಲೂ ಆ ವಾಸನೆಗೆ ಮುಖ್ಯ ಕಾರಣವಾದ ವಸ್ತುವಿಗೆ ರಸಾಯನಶಾಸ್ತ್ರ ಕೊಡುವ ಹೆಸರು ಒಂದೇ: ಕಾರ್ವೋನ್. ಎರಡರ ಅಣುವಿನಲ್ಲೂ ಇಂಗಾಲದ 10, ಜಲಜನಕದ 14, ಆಮ್ಲಜನಕದ 1 ಪರಮಾಣು. ಯಾವುದರ ಪಕ್ಕಕ್ಕೆ ಯಾವುದು ಎಂಬ ಜೋಡಣೆಯೂ ಒಂದೇ. ವ್ಯತ್ಯಾಸವೆಂದರೆ ಒಂದು ಅಣು ಇನ್ನೊಂದರ ಕನ್ನಡಿಯ ಬಿಂಬ. ನಮ್ಮ ಮೂಗು ಯಾವ ಕಾಲೇಜಿಗೂ ಹೋಗದೆ ಇವೆರಡನ್ನೂ ಬೇರೆ ಬೇರೆ ಎಂದು ಗುರುತಿಸಿತು. ವಿಜ್ಞಾನಕ್ಕೆ ಇವುಗಳಿಗೆ ತಕ್ಕ ಹೆಸರಿಡಲು ನೂರು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು.

ನಾನು ರಸಾಯನಶಾಸ್ತ್ರ ಓದಿದ್ದು ಬಿ.ಎಸ್ಸಿ.ವರೆಗೆ ಮಾತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಕೇಂದ್ರ ಸರ್ಕಾರದ ಗುಮಾಸ್ತಗಿರಿ. ದಿನವೆಲ್ಲ ಹೆಸರು, ಹುದ್ದೆ, ಪಟ್ಟಿಗಳ ನಡುವೆ ಬದುಕುವವನಿಗೆ ಈ ಹೆಸರಿಡುವ ಕಥೆ ಬರಿಯ ವಿಜ್ಞಾನದ ಕಥೆಯಾಗಿ ಕಾಣುವುದಿಲ್ಲ. ಹೆಸರಿಡುವವನಿಗೆ ಯಾವ ಹೊಣೆಯಿದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ ಎಂದು ನನ್ನ ಎಣಿಕೆ. ಆದ್ದರಿಂದ ಮೊದಲು ಕಥೆಯನ್ನು ಹೇಳುತ್ತೇನೆ.

ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ಕೈಗಳಿವೆ ಎಂದು ಭಾವಿಸಿ. 1874ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಎಂಬ ಇಬ್ಬರು ತರುಣರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ತೀರ್ಮಾನಕ್ಕೆ ಬಂದರು. ಈ ನಾಲ್ಕು ಕೈಗಳು ಕಾಗದದ ಮೇಲೆ ಬರೆದ ಕೂಡುಗೆರೆಯಂತೆ ಚಪ್ಪಟೆಯಾಗಿಲ್ಲ. ಮುಕ್ಕಾಲಿಯ ಮೂರು ಕಾಲು ಕೆಳಗೆ ಚಾಚಿ, ಇನ್ನೊಂದು ಮೇಲಕ್ಕೆ ಎದ್ದಂತೆ, ಅವಕಾಶದಲ್ಲಿ ನಾಲ್ಕೂ ದಿಕ್ಕಿಗೆ ಸಮನಾಗಿ ಹರಡಿವೆ. ನಾಲ್ಕು ಕೈಗಳೂ ಬೇರೆ ಬೇರೆ ನಾಲ್ವರನ್ನು ಹಿಡಿದಿದ್ದರೆ, ಅವರನ್ನು ಎರಡು ರೀತಿಯಲ್ಲಿ ನಿಲ್ಲಿಸಬಹುದು. ಒಂದು ರೀತಿ ಇನ್ನೊಂದರ ಬಿಂಬ. ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂಡುವುದಿಲ್ಲ. ಆಗ 22 ವರ್ಷದವನಾಗಿದ್ದ ವಾಂಟ್ ಹಾಫನನ್ನು ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಕೋಲ್ಬೆ ಕಟುವಾಗಿ ಅಪಹಾಸ್ಯ ಮಾಡಿದ. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಬಂದದ್ದು ಅದೇ ವಾಂಟ್ ಹಾಫನಿಗೆ.

ಎರಡು ರೂಪಗಳಿವೆ ಎಂದಮೇಲೆ ಎರಡು ಹೆಸರು ಬೇಕು. ಮೊದಲ ಹೆಸರು ಬಂದದ್ದು ಬೆಳಕಿನಿಂದ. ಕೆಲವು ದ್ರವಗಳ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಅದು ಒಂದು ಕಡೆಗೆ ತಿರುಗುತ್ತದೆ ಎಂಬುದನ್ನು ಫ್ರಾನ್ಸಿನ ಬಿಯೋ 1815ರಲ್ಲೇ ಕಂಡಿದ್ದ. 1848ರಲ್ಲಿ 25 ವರ್ಷದ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಮಸೂರದ ಕೆಳಗಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಬಲದ ಹರಳು ಬೇರೆ, ಎಡದ ಹರಳು ಬೇರೆ ಎಂದು ಆರಿಸಿಟ್ಟ. ನೀರಿನಲ್ಲಿ ಕರಗಿಸಿದಾಗ ಒಂದು ರಾಶಿ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಹೀಗೆ 'ಬಲತಿರುಗು', 'ಎಡತಿರುಗು' ಎಂಬ ಹೆಸರುಗಳು ಹುಟ್ಟಿದವು. ಆದರೆ ಇವು ಅಣುವಿನ ನಡತೆಯನ್ನು ಹೇಳುತ್ತವೆಯೇ ಹೊರತು ಅದರ ರೂಪವನ್ನಲ್ಲ. ಬೆಳಕನ್ನು ಬಲಕ್ಕೆ ತಿರುಗಿಸುವ ಅಣುವಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ.

ಎರಡನೆಯ ಹೆಸರು ಬಂದದ್ದು ಮನೆತನದಿಂದ. 1891ರಲ್ಲಿ ಎಮಿಲ್ ಫಿಷರ್ ಗ್ಲೂಕೋಸಿನ ವಿನ್ಯಾಸವನ್ನು ಬಿಡಿಸಿದಾಗ, ಕೊನೆಗೆ ಎರಡು ಚಿತ್ರಗಳು ಉಳಿದವು: ಒಂದು ಬಿಂಬ, ಒಂದು ಪ್ರತಿಬಿಂಬ. ಇವುಗಳಲ್ಲಿ ನಿಜವಾದದ್ದು ಯಾವುದೆಂದು ತಿಳಿಯುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ಫಿಷರ್ ಒಂದನ್ನು ಆರಿಸಿಕೊಂಡ. ಅದು ಬರಿಯ ಆಯ್ಕೆ ಎಂಬುದನ್ನು ಮುಚ್ಚಿಡಲಿಲ್ಲ. ಮುಂದೆ ಈ ಲೆಕ್ಕದ ಮೇಲೆಯೇ ಸಕ್ಕರೆಗಳನ್ನೂ ಅಮೈನೋ ಆಮ್ಲಗಳನ್ನೂ ಡಿ ಮನೆತನ, ಎಲ್ ಮನೆತನ ಎಂದು ವಿಂಗಡಿಸಿದರು. ಡಿ ಎಂದರೆ ಬಲ, ಎಲ್ ಎಂದರೆ ಎಡ. ಆದರೆ ಜೇನುತುಪ್ಪದಲ್ಲಿರುವ ಫ್ರಕ್ಟೋಸ್ ಡಿ ಮನೆತನದ್ದಾದರೂ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ. ನಾವು ಓಡಿ ದಣಿದಾಗ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಎಲ್ ಮನೆತನದ್ದಾದರೂ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಇನ್ನು ನಮ್ಮ ಸಾರಿನ ಹುಣಸೆಹಣ್ಣಿನಲ್ಲಿ ಹೇರಳವಾಗಿರುವ ಟಾರ್ಟಾರಿಕ್ ಆಮ್ಲದ ಗತಿಯೋ ಇನ್ನೂ ವಿಚಿತ್ರ. ಸಕ್ಕರೆಗಳ ಲೆಕ್ಕದಲ್ಲಿ ಅದು ಎಲ್, ಅಮೈನೋ ಆಮ್ಲಗಳ ಲೆಕ್ಕದಲ್ಲಿ ಅದೇ ಡಿ. ಒಬ್ಬನೇ ಮನುಷ್ಯನಿಗೆ ತಂದೆಯ ಮನೆಯಲ್ಲಿ ಒಂದು ಹೆಸರು, ತಾಯಿಯ ತವರಿನಲ್ಲಿ ಇನ್ನೊಂದು ಹೆಸರು ಇದ್ದಂತಾಯಿತು.

ಈ ಗೊಂದಲವನ್ನು ಬಗೆಹರಿಸಿದವರು ಮೂವರು: ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯ ಸಂಪಾದಕನಾಗಿದ್ದ ಕಾನ್, ಅಲ್ಲಿಯೇ ಪ್ರಾಧ್ಯಾಪಕನಾಗಿದ್ದ ಇಂಗೋಲ್ಡ್, ಮತ್ತು ಸರಯೇವೋದಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಪ್ರೆಲಾಗ್. 1956ರಲ್ಲಿ ಈ ಮೂವರು ಒಟ್ಟಾಗಿ ಪ್ರಕಟಿಸಿ, 1966ರಲ್ಲಿ ವಿಸ್ತರಿಸಿದ ನಿಯಮಗಳೇ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ನಿಯಮ ಸರಳವಾಗಿದೆ, ಸರ್ಕಾರಿ ಕಚೇರಿಯ ಜ್ಯೇಷ್ಠತಾ ಪಟ್ಟಿಯನ್ನು ಕಂಡವರಿಗಂತೂ ಚೆನ್ನಾಗಿ ಅರ್ಥವಾಗುತ್ತದೆ. ಇಂಗಾಲದ ನಾಲ್ಕು ಕೈ ಹಿಡಿದ ನಾಲ್ವರಲ್ಲಿ ಯಾರ ಪರಮಾಣು ಸಂಖ್ಯೆ ಹೆಚ್ಚೋ ಅವರು ಹಿರಿಯರು. ಇಬ್ಬರದು ಸಮನಾದರೆ ಅವರ ಹಿಂದೆ ಯಾರಿದ್ದಾರೆ ಎಂದು ನೋಡಬೇಕು; ಅಲ್ಲಿಯೂ ಸಮನಾದರೆ ಇನ್ನೂ ಮುಂದಕ್ಕೆ ಹೋಗಬೇಕು. ಹೀಗೆ ಒಂದು, ಎರಡು, ಮೂರು, ನಾಲ್ಕು ಎಂದು ಕ್ರಮ ಹಾಕಿದ ಮೇಲೆ, ಎಲ್ಲರಿಗಿಂತ ಕಿರಿಯವನನ್ನು ನಮ್ಮ ಕಣ್ಣಿನಿಂದ ದೂರಕ್ಕೆ, ಹಿಂಬದಿಗೆ ಇಡಬೇಕು. ಉಳಿದ ಮೂವರಲ್ಲಿ ಮೊದಲನೆಯವನಿಂದ ಎರಡನೆಯವನಿಗೆ, ಅಲ್ಲಿಂದ ಮೂರನೆಯವನಿಗೆ ಕಣ್ಣು ಹಾಯಿಸಿದಾಗ ಪ್ರದಕ್ಷಿಣೆ ಬಂದಂತಾದರೆ ಆ ಅಣು 'ಆರ್', ಅಪ್ರದಕ್ಷಿಣೆಯಾದರೆ 'ಎಸ್'. ಇವು ಲ್ಯಾಟಿನ್ ಭಾಷೆಯ ರೆಕ್ಟಸ್, ಸಿನಿಸ್ಟರ್ ಎಂಬ ಮಾತುಗಳ ಮೊದಲ ಅಕ್ಷರಗಳು. ಈ ಪ್ರಕಾರ ಪುದೀನದ ಕಾರ್ವೋನ್ 'ಆರ್', ಸಬ್ಬಸಿಗೆ ಬೀಜದ್ದು 'ಎಸ್'. ಹುಣಸೆಹಣ್ಣಿನ ಆಮ್ಲದಲ್ಲಿ ಇಂಥ ಇಂಗಾಲಗಳು ಎರಡಿವೆ, ಎರಡೂ 'ಆರ್'. ಇನ್ನು ಎರಡು ಮಾತಿಲ್ಲ.

ಹಾಗಾದರೆ ಕೊನೆಗೆ ನಿಜವಾದ ಹೆಸರು ಸಿಕ್ಕಿತೇ? ಇಲ್ಲಿಯೇ ಯೋಚಿಸಬೇಕಾದ ವಿಷಯವಿರುವುದು. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು ಮುಖ್ಯವಾಗಿ 20. ಒಂದಕ್ಕೆ ಎಡಬಲದ ಭೇದವಿಲ್ಲ. ಉಳಿದ 19 ಒಂದೇ ಮನೆತನದವು, ಒಂದೇ ಬಗೆಯಾಗಿ ನಿಂತವು. ಹೊಸ ನಿಯಮದಂತೆ ಅವುಗಳಲ್ಲಿ 18ಕ್ಕೆ 'ಎಸ್' ಎಂಬ ಹೆಸರು ಬರುತ್ತದೆ. ಆದರೆ ಕೂದಲಿನಲ್ಲಿ ಹೇರಳವಾಗಿರುವ ಸಿಸ್ಟೀನ್ ಎಂಬುದಕ್ಕೆ ಮಾತ್ರ 'ಆರ್'. ಅದು ಒಡಹುಟ್ಟಿದವರಿಂದ ಬೇರೆಯಾಗಿ ತಿರುಗಿ ನಿಂತಿದೆಯೇ? ಇಲ್ಲ. ಅದರ ಒಂದು ಕೈಯಲ್ಲಿ ಗಂಧಕವಿದೆ. ಗಂಧಕದ ಪರಮಾಣು ಸಂಖ್ಯೆ ದೊಡ್ಡದಾದ್ದರಿಂದ ಜ್ಯೇಷ್ಠತಾ ಪಟ್ಟಿಯಲ್ಲಿ ಎರಡನೆಯವನೂ ಮೂರನೆಯವನೂ ಅದಲುಬದಲಾದರು. ನಿಂತವರು ನಿಂತಲ್ಲೇ ಇದ್ದಾರೆ. ಹೆಸರು ಮಾತ್ರ ಬಲಕ್ಕೆ ಹೋಯಿತು. ಔಷಧದ ಅಂಗಡಿಯಲ್ಲೂ ಇದೇ ಕಥೆ. ನೆಗಡಿ, ಅಲರ್ಜಿಗೆ ಕೊಡುವ ಲೀವೋಸೆಟ್ರಿಜಿನ್, ಸೋಂಕಿಗೆ ಕೊಡುವ ಲೀವೋಫ್ಲಾಕ್ಸಸಿನ್, ಎರಡರ ಹೆಸರಿನಲ್ಲೂ 'ಲೀವೋ' ಇದೆ, ಅಂದರೆ ಎಡತಿರುಗು. ಆದರೆ ಹೊಸ ನಿಯಮದಂತೆ ಮೊದಲನೆಯದು 'ಆರ್', ಎರಡನೆಯದು 'ಎಸ್'.

ಇದನ್ನು ಕಂಡು ಕೆಲವರು, 'ಹೆಸರೆಂಬುದೆಲ್ಲ ಬರಿಯ ಕಟ್ಟುಪಾಡು, ಅದರಲ್ಲಿ ಸತ್ಯ ಸುಳ್ಳು ಎಂಬುದಿಲ್ಲ, ಬಲಿಷ್ಠರು ಇಟ್ಟದ್ದೇ ಹೆಸರು' ಎಂಬ ತೀರ್ಮಾನಕ್ಕೆ ಬರಬಹುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹೆಸರು ಕಟ್ಟುಪಾಡು ಎಂಬುದು ನಿಜ; ಆದರೆ ಕಟ್ಟುಪಾಡು ಬೇರೆ, ಮನಬಂದದ್ದು ಬೇರೆ. ಇದಕ್ಕೆ ಶಂಖಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಮ್ಮಲ್ಲಿ ಬಲಮುರಿ ಶಂಖವೆಂದರೆ ಬಹಳ ಅಪರೂಪ, ಬಹಳ ಪೂಜ್ಯ. ಸಾಮಾನ್ಯವಾಗಿ ಸಿಗುವುದೆಲ್ಲ ಎಡಮುರಿ. ಆದರೆ ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ, ಸಾಮಾನ್ಯವಾಗಿ ಸಿಗುವ ಅದೇ ಶಂಖವನ್ನು ಬಲಸುರುಳಿ ಎಂದೂ, ನಾವು ಪೂಜಿಸುವ ಅಪರೂಪದ್ದನ್ನು ಎಡಸುರುಳಿ ಎಂದೂ ಕರೆದಿರುತ್ತದೆ. ಯಾರು ತಪ್ಪು? ಯಾರೂ ಅಲ್ಲ. ಪ್ರಾಣಿಶಾಸ್ತ್ರಜ್ಞ ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅದು ಯಾವ ಪಕ್ಕಕ್ಕೆ ತೆರೆದಿದೆ ಎಂದು ನೋಡುತ್ತಾನೆ. ನಮ್ಮ ಸಂಪ್ರದಾಯ ಅದನ್ನು ತಲೆಕೆಳಗಾಗಿ ಹಿಡಿಯುತ್ತದೆ. ಹಿಡಿಯುವ ಬಗೆಯನ್ನು ಹೇಳಿಬಿಟ್ಟರೆ ಜಗಳವಿಲ್ಲ. ಹೇಳದೆ 'ನನ್ನದೇ ಬಲ' ಎಂದು ಹಟ ಹಿಡಿದರೆ ಜಗಳ ಮುಗಿಯುವುದಿಲ್ಲ.

ಹೆಸರಿಡುವವನ ಮೊದಲ ಹೊಣೆ ಇದು: ತಾನು ಎಲ್ಲಿ ನಿಂತು, ಯಾವುದನ್ನು ಹೇಗೆ ಹಿಡಿದು ನೋಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಬೇಕು, ಹೇಳಿದ ನಿಯಮವನ್ನು ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸಬೇಕು. ಫಿಷರ್ ಮಾಡಿದ್ದು ಊಹೆಯೇ. ಆದರೆ ಅದು ಬಹಿರಂಗವಾದ ಊಹೆ. ಮುಂದಿನ 60 ವರ್ಷ ಸಾವಿರಾರು ಅಣುಗಳಿಗೆ ಅದರ ಆಧಾರದ ಮೇಲೆಯೇ ಹೆಸರಿಟ್ಟರು. 1951ರಲ್ಲಿ ಹಾಲೆಂಡಿನ ಬೈಫೂಟ್ ಮತ್ತು ಸಂಗಡಿಗರು ಟಾರ್ಟಾರಿಕ್ ಆಮ್ಲದ ಒಂದು ಲವಣದ ಮೇಲೆ ಕ್ಷ-ಕಿರಣ ಹಾಯಿಸಿ ಅಣುವಿನ ನಿಜವಾದ ನಿಲುವನ್ನು ಕಂಡುಹಿಡಿದಾಗ, ಫಿಷರನ ಊಹೆ ಸರಿಯೆಂದೇ ತಿಳಿಯಿತು. ಒಂದು ವೇಳೆ ತಪ್ಪಾಗಿದ್ದರೆ? ಆಗಲೂ ಅನಾಹುತವೇನೂ ಆಗುತ್ತಿರಲಿಲ್ಲ. ಎಲ್ಲ ಚಿತ್ರಗಳನ್ನೂ ಕನ್ನಡಿಯಲ್ಲಿ ನೋಡಿದಂತೆ ಒಟ್ಟಿಗೆ ತಿರುಗಿಸಿಕೊಂಡರೆ ಸಾಕಾಗುತ್ತಿತ್ತು. ಪ್ರಾಮಾಣಿಕವಾಗಿ ಇಟ್ಟ ಹೆಸರಿನ ಗುಣವೇ ಇದು: ತಪ್ಪಿದರೂ ತಿದ್ದಲು ಬರುತ್ತದೆ. ನಿಂತ ಜಾಗವನ್ನು ಬಚ್ಚಿಟ್ಟು ಇಟ್ಟ ಹೆಸರನ್ನು ತಿದ್ದುವುದು ಹೇಗೆ?

ಎರಡನೆಯ ಹೊಣೆ ಇನ್ನೂ ಕಷ್ಟದ್ದು. ಗುರುತಿಗಾಗಿ ಇಟ್ಟ ಹೆಸರನ್ನು ಯೋಗ್ಯತೆಯ ಅಳತೆಗೋಲಾಗಿ ಮಾಡಬಾರದು. ಮನುಷ್ಯನ ನಾಲಗೆ ಈ ವಿಷಯದಲ್ಲಿ ಬಹಳ ಜಾರುತ್ತದೆ. ರೆಕ್ಟಸ್ ಎಂದರೆ ನೆಟ್ಟಗಿರುವುದು, ಸರಿಯಾದದ್ದು. ಸಿನಿಸ್ಟರ್ ಎಂದರೆ ಎಡವೂ ಹೌದು, ಅಶುಭವೂ ಹೌದು. ನಮ್ಮಲ್ಲೂ ಬಲವೆಂದರೆ ಶಕ್ತಿ, ವಾಮಮಾರ್ಗವೆಂದರೆ ಅಡ್ಡದಾರಿ. ರಸಾಯನಶಾಸ್ತ್ರಜ್ಞರು ಲ್ಯಾಟಿನ್ ಮಾತುಗಳನ್ನು ತೆಗೆದುಕೊಂಡರೂ ಅವುಗಳ ಈ ವಿಷವನ್ನು ತೆಗೆದುಕೊಳ್ಳಲಿಲ್ಲ; 'ಎಸ್' ಅಣು 'ಆರ್' ಅಣುವಿಗಿಂತ ಕೀಳೆಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಹಾಗೆ ನೋಡಿದರೆ ನಮ್ಮ ಮೈಯೆಲ್ಲ ಬಹುಮಟ್ಟಿಗೆ 'ಎಸ್' ಅಮೈನೋ ಆಮ್ಲಗಳಿಂದಲೇ ಆದದ್ದು. ಆದರೆ ಸಮಾಜದಲ್ಲಿ ನಾವು ಇಷ್ಟು ಎಚ್ಚರದಿಂದ ಇರಲಿಲ್ಲ. ದಕ್ಷಿಣ ದೇಶದಲ್ಲಿ ಶತಮಾನಗಳ ಕಾಲ ಜಾತಿಗಳನ್ನು ಬಲಗೈ, ಎಡಗೈ ಎಂದು ಎರಡು ಪಣಗಳಾಗಿ ಒಡೆದು, ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂದು ಹೊಡೆದಾಡಿದ್ದುಂಟು. ಮದರಾಸಿನಲ್ಲಿ 1652ರಲ್ಲೂ 1707ರಲ್ಲೂ ಈ ಜಗಳಗಳು ಕಂಪನಿಯ ಅಧಿಕಾರಿಗಳ ಕಟ್ಟೆಯವರೆಗೆ ಹೋದವು. ಅಷ್ಟು ದೂರವೇಕೆ? ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು 'ಎಡಚ' ಎಂದು ಹಂಗಿಸಿ, ಕೈಗೆ ಹೊಡೆದು 'ಸರಿ' ಮಾಡುವ ಹಿರಿಯರು ಇಂದಿಗೂ ಇದ್ದಾರೆ. ಕನ್ನಡಿಯಲ್ಲಿ ನೋಡಿದರೆ ಆ ಮಗು ಬಲಗೈಯವನೇ ಅಲ್ಲವೇ?

ಜ್ಯೇಷ್ಠತಾ ಪಟ್ಟಿಯ ಬಗ್ಗೆಯೂ ಒಂದು ಮಾತು. ಹೆಸರಿಡುವಾಗ ಹಿಂಬದಿಗೆ ತಳ್ಳುವ ನಾಲ್ಕನೆಯವನು ಸಾಮಾನ್ಯವಾಗಿ ಜಲಜನಕ, ಎಲ್ಲಕ್ಕಿಂತ ಹಗುರವಾದದ್ದು. ಆದರೆ ಅದರ ಜಾಗದಲ್ಲಿ ಉಳಿದ ಮೂವರಲ್ಲಿ ಒಬ್ಬನ ಪಡಿಯಚ್ಚನ್ನು ತಂದು ಕೂರಿಸಿದರೆ, ಆ ಕ್ಷಣವೇ ಎಡಬಲದ ಭೇದ ಮಾಯವಾಗುತ್ತದೆ. ಬಿಂಬವೂ ಪ್ರತಿಬಿಂಬವೂ ಒಂದೇ ಆಗುತ್ತವೆ. ಕಣ್ಣಿಗೆ ಮರೆಯಾಗಿ ನಿಂತ ಕೊನೆಯವನಿಂದಲೇ ಇಡೀ ಅಣುವಿಗೆ ಅದರ ವ್ಯಕ್ತಿತ್ವ. ಪಟ್ಟಿಯಲ್ಲಿ ಕೊನೆಗೆ ಬಂದವನು ಬೇಡವಾದವನಲ್ಲ ಎಂಬುದನ್ನು ಪಟ್ಟಿ ಬರೆಯುವ ನಮ್ಮಂಥವರು ನೆನಪಿಡುವುದು ಒಳ್ಳೆಯದು.

ಮೂರನೆಯ ಹೊಣೆ, ಹೆಸರು ತಿಳಿದ ಮಾತ್ರಕ್ಕೆ ವಸ್ತುವೆಲ್ಲ ತಿಳಿಯಿತೆಂದು ಭಾವಿಸಬಾರದು ಎಂಬುದು. ಇದಕ್ಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. ಥ್ಯಾಲಿಡೊಮೈಡ್ ಎಂಬ ನಿದ್ರೆಯ ಔಷಧ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯರ ವಾಕರಿಕೆಗೂ ಅದನ್ನು ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ, ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಆ ಔಷಧದಲ್ಲಿ 'ಆರ್', 'ಎಸ್' ಎರಡೂ ಸಮನಾಗಿ ಬೆರೆತಿದ್ದವು. ನಿದ್ರೆ ತರುವುದು 'ಆರ್', ಭ್ರೂಣಕ್ಕೆ ಕೇಡು ಮಾಡುವುದು 'ಎಸ್'. 'ಆರ್' ಒಂದನ್ನೇ ಕೊಟ್ಟಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಎಂದು ಅನೇಕ ಕಡೆ ಬರೆಯುತ್ತಾರೆ. ಕೇಳಲು ಹಿತವಾಗಿದ್ದರೂ ಇದು ಸರಿಯಲ್ಲ. ದೇಹದೊಳಗೆ ಹೋದ ಮೇಲೆ ಒಂದು ರೂಪ ಇನ್ನೊಂದಾಗಿ ಬದಲಾಗುತ್ತಲೇ ಇರುತ್ತದೆ. ಸೀಸೆಯ ಮೇಲಿನ ಚೀಟಿ ಎಷ್ಟೇ ಶುದ್ಧವಾಗಿದ್ದರೂ ರಕ್ತದಲ್ಲಿ ಎರಡೂ ಇರುತ್ತವೆ. ಅಲ್ಲಿ ಬೇಕಾಗಿದ್ದದ್ದು ಹೆಸರಿಗಿಂತ ಹೆಚ್ಚಾಗಿ ತಾಳ್ಮೆಯ ಪರೀಕ್ಷೆ. ಅಮೆರಿಕದ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ 1960ರಲ್ಲಿ ತನ್ನ ಮೇಜಿಗೆ ಬಂದ ಈ ಔಷಧದ ಕಡತಕ್ಕೆ, 'ಸುರಕ್ಷಿತವೆಂಬುದಕ್ಕೆ ಆಧಾರ ಸಾಲದು' ಎಂದು ಒಪ್ಪಿಗೆ ಕೊಡದೆ ಒತ್ತಡವನ್ನೆಲ್ಲ ತಡೆದು ನಿಂತಳು. ಅದರಿಂದ ಅಲ್ಲಿನ ಎಷ್ಟೋ ಮನೆಗಳು ಉಳಿದವು. ಕಡತವನ್ನು ತಡೆಹಿಡಿದ ನೌಕರರಿಗೆ ಸಾಮಾನ್ಯವಾಗಿ ಬೈಗುಳವೇ ಸಿಗುತ್ತದೆ. ಆದರೆ ಹಾಗೆ ತಡೆಯುವುದೂ ಒಮ್ಮೊಮ್ಮೆ ಧರ್ಮವಾಗುತ್ತದೆ.

ಇನ್ನು ನಮ್ಮ ವಿಷಯ. ಊರು ಬಿಟ್ಟು ಬಂದ ನಮಗೆ ಹೆಸರಿನ ಕಷ್ಟ ಗೊತ್ತಿಲ್ಲದ್ದಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ತನ್ನ ಹೆಸರು: ಇದು ನಮ್ಮ ಕಡೆಯ ಅನೇಕ ಮನೆಗಳ ಪದ್ಧತಿ. ಇಲ್ಲಿನ ಅರ್ಜಿಯ ನಮೂನೆಗಳು 'ಕುಲನಾಮ ಏನು?' ಎಂದು ಕೇಳುತ್ತವೆ. ಆಗ ತಂದೆಯ ಹೆಸರೋ ಊರಿನ ಹೆಸರೋ ಆ ಚೌಕದಲ್ಲಿ ಹೋಗಿ ಕೂರುತ್ತದೆ. ನಮೂನೆಯ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಅದು ಒಂದು ನಿಲುವಿನಿಂದ ಬರೆದದ್ದು, ಆ ನಿಲುವನ್ನು ಚೌಕದ ಮೇಲೆಯೇ ಅಚ್ಚು ಹಾಕಿದೆ. ಆದರೆ ಮೈಸೂರಿನವರು, ಮಲೆಯಾಳಿಗಳು, ತೆಲುಗರು, ತಮಿಳರು ಎಲ್ಲರನ್ನೂ ಒಟ್ಟಿಗೆ 'ಮದ್ರಾಸಿ' ಎನ್ನುವವನು ತಾನು ವಿಂಧ್ಯದ ಈಚೆ ನಿಂತು ನೋಡುತ್ತಿದ್ದೇನೆ ಎಂಬುದನ್ನೇ ಮರೆತಿದ್ದಾನೆ. ನಮ್ಮವರೂ ಕಡಿಮೆಯಿಲ್ಲ. ಗಢವಾಲಿಯವನನ್ನೂ ಮೈಥಿಲಿಯವನನ್ನೂ ಭೋಜಪುರಿಯವನನ್ನೂ ಒಂದೇ ಉಸಿರಿನಲ್ಲಿ 'ಹಿಂದಿಯವರು' ಎಂದುಬಿಡುವುದು ನಮ್ಮ ಸಭೆಗಳಲ್ಲಿ ಕೇಳಿ ಬರುವ ಮಾತೇ. 'ದಕ್ಷಿಣ' ಎಂಬ ಮಾತಿಗಾದರೂ ಮೊದಲ ಅರ್ಥ ಬಲಗಡೆ ಎಂದೇ. ಸೂರ್ಯ ಹುಟ್ಟುವ ಕಡೆಗೆ ಮುಖಮಾಡಿ ನಿಂತವನ ಬಲಕ್ಕೆ ಬಂದದ್ದು ದಕ್ಷಿಣವಾಯಿತು. ಆತ ಪಶ್ಚಿಮಕ್ಕೆ ತಿರುಗಿದ್ದರೆ ನಾವೆಲ್ಲ ಎಡದವರಾಗುತ್ತಿದ್ದೆವು. ನಮ್ಮ ನದಿ, ನಮ್ಮ ನುಡಿ, ನಮ್ಮ ನಡತೆ ಒಂದಿಷ್ಟೂ ಬದಲಾಗುತ್ತಿರಲಿಲ್ಲ.

ಹೆಸರಿಲ್ಲದೆ ಲೋಕವ್ಯವಹಾರ ನಡೆಯದು. ಎಡ, ಬಲ, ಉತ್ತರ, ದಕ್ಷಿಣ, ಹಿರಿಯ, ಕಿರಿಯ ಎಂಬ ಮಾತುಗಳನ್ನು ಬಿಟ್ಟು ಬದುಕೋಣವೆಂದರೆ ಆಗುವ ಮಾತಲ್ಲ. ಔಷಧದ ಸೀಸೆಯ ಮೇಲೆ 'ಆರ್' ಯಾವುದು, 'ಎಸ್' ಯಾವುದು ಎಂಬುದು ಖಚಿತವಾಗಿ ತಿಳಿಯಲೇಬೇಕು. ಅಲ್ಲಿ ಉದಾಸೀನ ಮಾಡಿದರೆ ಜೀವಕ್ಕೇ ಕುತ್ತು. ನಮ್ಮ ಮಕ್ಕಳಿಗೆ ನಾವು ಕಲಿಸಬೇಕಾದದ್ದು ಇಷ್ಟು: ಯಾರಾದರೂ ಒಂದು ಹೆಸರಿಟ್ಟು ಕರೆದಾಗ, ಅವರು ಎಲ್ಲಿ ನಿಂತು ಕರೆಯುತ್ತಿದ್ದಾರೆ ಎಂದು ಕೇಳಿಕೊಳ್ಳಲಿ, ತಾವು ಇನ್ನೊಬ್ಬರಿಗೆ ಹೆಸರಿಡುವಾಗ, ಆತನನ್ನು ಆ ಕಡೆಯಿಂದಲೂ ಒಮ್ಮೆ ತಿರುಗಿಸಿ ನೋಡಲಿ.